ಲಾರಿಯಲ್ಲಿ ಬಂದ ಹೆಂಚು

ಮಳೆಗೆ ನೆನೆದ ಹೆಂಚಿನ ವಾಸನೆ ಬಂದರೆ ನನಗೆ ಇವತ್ತಿಗೂ ಅಜ್ಜಿಯ ಸಿಟ್ಟು ನೆನಪಾಗುತ್ತದೆ.

ಕುಂದಾಪುರದ ಹೊಳೆಯಲ್ಲಿ ಹೆಂಚು ಸಾಗಿಸುತ್ತಿದ್ದ ದೋಣಿಯವರ ಮಗಳು ಅವಳು. ಒಂದು ಮಧ್ಯಾಹ್ನ ಚಿಕ್ಕಪ್ಪ ನಮ್ಮ ಯಲಹಂಕದ ಮನೆಗೆ ಲಾರಿಯಲ್ಲಿ ಮಂಗಳೂರು ಹೆಂಚು ತಂದಿದ್ದ. ಅಜ್ಜಿ ಒಂದೊಂದನ್ನೂ ಬೆರಳಿನಿಂದ ತಟ್ಟಿ ಕಿವಿಗೊಟ್ಟಳು. ಲಾರಿಯ ಕುಲುಕಾಟಕ್ಕೆ ಎಷ್ಟೋ ಬಿರುಕು ಬಿಟ್ಟಿದ್ದವು; ದೋಣಿಯೇ ವಾಸಿ ಎಂದು ಗೊಣಗಿದಳು.

"ಲಾರಿ ಇರೋವಾಗ ದೋಣಿ ಯಾರಿಗೆ ಬೇಕಮ್ಮ? ನಿಮ್ಮೂರಲ್ಲಿ ಹೊಳೆ ಹೂಳು ತೆಗೆಸೋದೇ ದಂಡ" ಎಂದ ಚಿಕ್ಕಪ್ಪ.

ಅಜ್ಜಿ ಕೆಂಪು ಧೂಳು ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಹೂಳು ತೆಗೆದ ಹೊಳೇಲಿ ನನ್ನಪ್ಪನ ದೋಣಿ ಒಂದು ಹೆಂಚೂ ಒಡೀದೆ ತಲುಪಿಸ್ತಿತ್ತು ಮಾರಾಯ. ಹೊಳೆ ಮುಚ್ಚೋಕೆ ಬಿಟ್ಟವರಿಗೆ ನಿನ್ನ ಲಾರಿಯೇ ಗತಿ."

ಆಮೇಲೆ ಸೂರಿನ ಮೇಲೆ ಕೂತಿದ್ದ ಕೆಲಸದವನನ್ನು ಕೂಗಿದಳು: "ಬಿರುಕು ಬಿಟ್ಟದ್ದನ್ನೆಲ್ಲ ಇವನು ಮಲಗೋ ಕೋಣೆಗೇ ಹೊದಿಸಪ್ಪ!"