ಹಿಂದೆ ಬಂದ ದೋಣಿ

"ಹಿಂದೆ ನೋಡಬೇಡ," ಎಂದಳು ಅಕ್ಕ.

ತಂಗಿ ಆಗಲೇ ನೋಡಿಯಾಗಿತ್ತು. ನೂರು ಅಡಿ ಹಿಂದೆ, ಮಂಜಿನೊಳಗಿನಿಂದ ನೀಲಿ ದೋಣಿಯೊಂದು ಬರುತ್ತಿತ್ತು. ಅದರ ಹಿಂಭಾಗದಲ್ಲಿ ಹಳದಿ ಮಳೆಕೋಟು, ಮುದುಡಿಕೊಂಡಂತೆ. ಆ ದೋಣಿ ಅವಳಿಗೆ ಗೊತ್ತು. ಗಂಡನ ಆ ಕೋಟನ್ನು ಎಂಟು ವರ್ಷ ಒಗೆದವಳು ಅವಳೇ.

"ಅವರೇ, ಅಕ್ಕಾ."

"ಮಲಗಿದಾನೆ ಅಂದ್ಯಲ್ಲ?"

"ಗೊರಕೆ ಹೊಡೀತಿದ್ರು. ರಾತ್ರಿ ದೋಣಿ ತಗೊಂಡು ತಡವಾಗಿ ಬಂದಿದ್ರು, ಏಳಲ್ಲ ಅಂದ್ಕೊಂಡೆ."

ಅಕ್ಕ ಹಾಯಿ ಹೊಲಿಯುವವಳು. ಅಳತೆ ತಪ್ಪಿದವಳಲ್ಲ. ತಂಗಿಯ ಗಂಡ ಎಂದೂ ಕಂಡಿರದ ದೋಣಿಯೇ ಬೇಕೆಂದು ಗೆಳತಿಯ ಪುಟ್ಟ ಹಾಯಿದೋಣಿಯನ್ನು ಕೇಳಿ ತಂದಿದ್ದಳು. ನಿನ್ನೆ ಸಂಜೆ ತಂಗಿಯಿರುವ ದ್ವೀಪದ ಜೆಟ್ಟಿ ಎಂದಿನಂತೆ ತುಂಬಿ ತುಳುಕುತ್ತಿತ್ತು. ಅಲ್ಲಿ ಬಂದವರು ಬಂದಂತೆ ಸಾಲಿನ ಕೊನೆಯ ದೋಣಿಗೇ ಹಗ್ಗ ಬಿಗಿಯುತ್ತಾರೆ. ಅಕ್ಕನೂ ಒಂದು ಮರಳುದೋಣಿಯ ಬಾಲಕ್ಕೆ ತನ್ನದನ್ನು ಕಟ್ಟಿ, ವಸತಿಗೃಹಕ್ಕೆ ಹೋಗಿ ಮಲಗಿದ್ದಳು. ಸಾಲಿನ ಕೊನೆ ಸಿಕ್ಕಿದ್ದು ಅನುಕೂಲವೇ ಆಯಿತು. ಬೆಳಿಗ್ಗೆ ಕೈಗೆ ಕೈ ಕಾಣದ ಮಂಜಿನಲ್ಲಿ ಮುಂದಿನ ಹಗ್ಗವೊಂದನ್ನೇ ಬಿಚ್ಚಿ, ತಂಗಿಯನ್ನೂ ಅವಳ ಟ್ರಂಕನ್ನೂ ಹತ್ತಿಸಿಕೊಂಡು ಹೊರಟುಬಿಟ್ಟಿದ್ದಳು.

ಅವನು ಕೈ ಎತ್ತಿದವನಲ್ಲ. ಬೈದವನೂ ಅಲ್ಲ. ಹೆಂಡತಿ ಎಲ್ಲಿ ಹೋದರೂ ಹಿಂದೆ ಬಂದು ಸ್ವಲ್ಪ ದೂರದಲ್ಲಿ ಸುಮ್ಮನೆ ನಿಲ್ಲುತ್ತಿದ್ದ. ಅಂಗಡಿಯಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, ಗೆಳತಿಯ ಮನೆಯ ಗೇಟಿನಲ್ಲಿ. ಎರಡು ಸಲ ಅವಳು ಮನೆ ಬಿಟ್ಟು ಬಂದಿದ್ದಳು. ಎರಡು ಸಲವೂ ಅವನು ಬಂದು ನಿಂತ, ತುಟಿ ಬಿಚ್ಚಲಿಲ್ಲ. ಒಮ್ಮೆ ಬೆಳಗಿನಿಂದ ಸಂಜೆಯವರೆಗೆ ನಿಂತಿದ್ದ. ಕೊನೆಗೆ ಅವಳೇ ಚೀಲ ಎತ್ತಿಕೊಂಡು ಅವನ ಜೊತೆ ನಡೆದಿದ್ದಳು. ಮೂರನೆಯ ಸಲವೂ ಹಾಗಾದರೆ ಮತ್ತೆ ಹೊಸ್ತಿಲು ದಾಟುವ ಧೈರ್ಯ ತನಗೆ ಈ ಜನ್ಮದಲ್ಲಿ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ಬೆನ್ನು ಬಿಡದ ಬೇತಾಳ," ಎಂದು ಅಕ್ಕ ಹಾಯಿಯ ಹಗ್ಗವನ್ನು ಬಿಗಿಯಾಗಿ ಎಳೆದಳು. "ಈ ದೋಣಿ ಬೇರೆ, ಜಪ್ಪಯ್ಯ ಅಂದ್ರೂ ಓಡ್ತಿಲ್ಲ. ಟ್ರಂಕಲ್ಲಿ ಕಲ್ಲು ತುಂಬ್ಕೊಂಡು ಬಂದಿದೀಯಾ?"

"ನಾಲ್ಕು ಸೀರೆ ಇದೆ ಅಷ್ಟೇ."

ಪಕ್ಕಕ್ಕೆ ಸರಿಯೋಣವೆಂದರೆ ಎಡಕ್ಕೆ ಕಾಲುವೆಯ ಆಳೆತ್ತರದ ಕಲ್ಲುಗೋಡೆ. ಬಲಕ್ಕೆ ಸರಕು ಹೊತ್ತ ಕಬ್ಬಿಣದ ಬಾರ್ಜುಗಳು, ಒಂದರ ಹಿಂದೆ ಒಂದು, ಇರುವೆ ಸಾಲಿನ ಹಾಗೆ. ಅವುಗಳ ಎಂಜಿನ್ನಿನ ಗುಡುಗಿನಲ್ಲಿ ಬೇರೇನೂ ಕೇಳಿಸುತ್ತಿರಲಿಲ್ಲ. ಮುಂದೆ ಎತ್ತುವ ಸೇತುವೆ, ಅದು ಏಳುವುದು ಒಂಬತ್ತಕ್ಕೆ. ಅದನ್ನು ದಾಟಿದರೆ ಪಟ್ಟಣ, ಅಕ್ಕನ ಕೋಣೆ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಬಾಗಿಲು.

ಅಕ್ಕ ಹಾಯಿ ಸಡಿಲಿಸಿ ನೋಡಿದಳು. ನೀಲಿ ದೋಣಿ ಸ್ವಲ್ಪ ಹತ್ತಿರ ಬಂದು ತಾನೂ ನಿಧಾನವಾಯಿತು. ಹಾಯಿ ಬಿಗಿದಳು. ಅದೂ ವೇಗ ಹೆಚ್ಚಿಸಿತು. ಗೋಡೆಯ ಕಡೆ ತಿರುಗಿದರೆ ಅದೂ ತಿರುಗಿತು.

"ಆಟ ಆಡಿಸ್ತಿದಾನೆ."

"ಅವರು ಹಾಗೇ."

"ಪೊಲೀಸ್‌ಗೆ ಫೋನ್ ಮಾಡ್ತೀನಿ."

"ಏನಂತ ಹೇಳ್ತೀಯ? ನನ್ ತಂಗಿ ಗಂಡ ಅವನ ದೋಣೀಲಿ ಕೂತಿದಾನೆ, ಬಂದು ಹಿಡ್ಕೊಂಡು ಹೋಗಿ ಅಂತಾನಾ?"

ಅಕ್ಕ ಫೋನನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಒಂದು ಬಾರ್ಜಿನ ಅಡುಗೆಯವನು ಕಟಕಟೆಗೆ ಬಂದು ಪಾತ್ರೆ ತೊಳೆದ ನೀರು ಚೆಲ್ಲಿದ. ಇವರನ್ನು ಕಂಡವನೇ ಏನೋ ಕೂಗಿದ. ಒಂದು ಮಾತೂ ಕಿವಿಗೆ ಬೀಳಲಿಲ್ಲ. ಅವನು ಮತ್ತೆ ಮತ್ತೆ ಹಿಂದಕ್ಕೆ ಬೆರಳು ತೋರಿಸಿದ.

"ಗೊತ್ತು ಕಣಪ್ಪಾ," ಎಂದು ಅಕ್ಕ ಗೊಣಗಿದಳು. "ದಾರೀಲಿ ಹೋಗೋರಿಗೂ ಗೊತ್ತಾಗ್ತಿದೆ ನಮ್ ಪಾಡು."

ಸೇತುವೆಯ ಮುಂದೆ ಅವಳು ಹಾಯಿ ಇಳಿಸಿದಳು. ಒಂಬತ್ತಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಬಾರ್ಜುಗಳೂ ನಿಂತು ಎಂಜಿನ್ ಆರಿಸಿದವು. ಒಮ್ಮೆಲೇ ಕಿವಿ ಗುಂಯ್ ಎನ್ನುವಷ್ಟು ಮೌನ. ಆ ಮೌನದಲ್ಲಿ ನೀಲಿ ದೋಣಿ ಒಂದಿಷ್ಟೂ ಸದ್ದಿಲ್ಲದೆ ತೇಲಿಕೊಂಡು ಬಂದು, ಮಂಜಿನ ಅಂಚಿನಲ್ಲಿ ನಿಂತಿತು. ಹಳದಿ ಕೋಟು ಅಲ್ಲಾಡಲಿಲ್ಲ.

ತಂಗಿಗೆ ಅಳು ಬರಲಿಲ್ಲ, ದಣಿವಾಯಿತು. ಎಂಟು ವರ್ಷದ ದಣಿವು. ಅವಳು ಎದ್ದು ನಿಂತಳು. ಮುಖ ನೋಡುವ ಶಕ್ತಿಯಿಲ್ಲದೆ ನೀರನ್ನು ನೋಡಿಕೊಂಡೇ ಮಾತಾಡಿದಳು.

"ರೀ, ನಾನೇ ಬರ್ತೀನಿ. ಅಕ್ಕನ ಬಾಗಿಲಲ್ಲಿ ಬಂದು ನಿಲ್ಬೇಡಿ. ಅವಳ ಪಾಡಿಗೆ ಅವಳನ್ನ ಬಿಟ್ಬಿಡಿ."

ಉತ್ತರ ಬರಲಿಲ್ಲ. ಯಾವತ್ತೂ ಬಂದಿರಲಿಲ್ಲ.

"ಕೂತ್ಕೊ," ಎಂದು ಅಕ್ಕ ಅವಳ ರಟ್ಟೆ ಹಿಡಿದಳು. "ಇನ್ನು ಐದು ನಿಮಿಷ. ಸೇತುವೆ ಎತ್ತುತ್ತಾರೆ."

"ಎತ್ತಿದ್ರೆ ಅವರೂ ದಾಟ್ತಾರೆ. ಬಿಡಕ್ಕಾ. ಇವರಿಂದ ನಂಗೆ ಬಿಡುಗಡೆ ಇಲ್ಲ."

ಕೈ ಬಿಡಿಸಿಕೊಂಡು ಅವಳು ಟ್ರಂಕನ್ನು ದೋಣಿಯ ಹಿಂಬದಿಯ ಅಂಚಿಗೆ ಎಳೆದಳು. ಅಕ್ಕ ಅದರ ಇನ್ನೊಂದು ಹಿಡಿಕೆಯನ್ನು ಬಿಡಲಿಲ್ಲ. ಇಬ್ಬರೂ ಜಗ್ಗಾಡಿದರು. ತಂಗಿಯ ಜಗ್ಗುವಿಕೆಯೇ ಜೋರಾಗಿತ್ತು.

ಮೇಲೆ ಸೇತುವೆಯ ಕಾವಲುಕೋಣೆಯ ಕಿಟಕಿ ತೆರೆಯಿತು. ಕಾವಲುಗಾರ ಅಲ್ಲಿಂದ ಬಗ್ಗಿ, ನೀರನ್ನೂ ಎರಡೂ ದೋಣಿಗಳನ್ನೂ ಒಮ್ಮೆ ನೋಡಿ, ಮೈಕನ್ನು ಬಾಯಿಗೆ ಹಿಡಿದ.

"ಹಾಯಿದೋಣಿಯವರೇ, ಹಿಂದೆ ಕಟ್ಕೊಂಡಿರೋ ಖಾಲಿ ದೋಣಿನ ನೀರಲ್ಲಿ ಮುಳುಗಿರೋ ಇಷ್ಟುದ್ದ ಹಗ್ಗದಲ್ಲಿ ಎಳ್ಕೊಂಡು ಬಂದ್ರೆ ನನ್ ಕಂಬಕ್ಕೆ ಬಡಿಯುತ್ತೆ, ಅದರ ಎಂಜಿನ್‌ಗೆ ಕೋಟು ಹೊದಿಸೋಕೆ ನೆನಪಿತ್ತು, ಹಗ್ಗ ಗಿಡ್ಡ ಮಾಡೋಕೆ ನೆನಪಿರ್ಲಿಲ್ವಾ?"