ಸ್ವಂತ ಹೇಳಿಕೆ

ದುಭಾಷಿ ಮಾತು ನುಂಗುತ್ತಿರುವುದು ಬಡಗಿಗೆ ಗೊತ್ತಾಗಿಹೋಯಿತು. ಮುಖ್ಯೋಪಾಧ್ಯಾಯಿನಿ ಅಷ್ಟುದ್ದ ಮಾತಾಡಿದ್ದರು. ಅವನ ಕಿವಿಗೆ ಬಿದ್ದದ್ದು ಒಂದೇ ಸಾಲು.

"ನಿಮ್ಮ ಮಗಳಿಗೆ ಇಲ್ಲಿಯ ಭಾಷೆ ಬರೋದಿಲ್ವಂತೆ."

ಬಡಗಿಗೆ ಮೈಯೆಲ್ಲ ಉರಿಯಿತು. ಈ ಊರಿಗೆ ಬಂದು ಎರಡು ವರ್ಷವಾದರೂ ಅವನ ನಾಲಿಗೆ ಇಲ್ಲಿಯ ಭಾಷೆಗೆ ಹೊರಳಿರಲಿಲ್ಲ, ನಿಜ. ಆಸ್ಪತ್ರೆಯಿರಲಿ, ಬ್ಯಾಂಕಿರಲಿ, ಮನೆ ಮಾಲೀಕನ ಜೊತೆಗಿನ ಜಗಳವಿರಲಿ, ಈ ದುಭಾಷಿ ಪಕ್ಕದಲ್ಲಿ ಇರಲೇಬೇಕು. ಆದರೆ ಮಗಳ ವಿಷಯ ಬೇರೆ. ಒಂದು ತರಗತಿ ಹಿಂದಕ್ಕೆ ತಳ್ಳಿದರೆ ಅವಳ ಗೆಳತಿಯರೆಲ್ಲ ಮುಂದೆ ಹೋಗಿ, ಇವಳೊಬ್ಬಳೇ ಹಸುಳೆಗಳ ನಡುವೆ ಉಳಿಯುತ್ತಾಳೆ.

"ಇವರಿಗೆ ಕಿವಿ ಇದೆಯಾ ಕೇಳು," ಎಂದ.

ಆ ಪ್ರಶ್ನೆ ಅದೆಷ್ಟು ನಯವಾಗಿ ಆಚೆ ದಾಟಿತೋ, ಮುಖ್ಯೋಪಾಧ್ಯಾಯಿನಿ ಮುಗುಳ್ನಕ್ಕು ಬಿಸ್ಕತ್ತಿನ ತಟ್ಟೆ ಮುಂದೆ ಸರಿಸಿದರು. ಬಡಗಿ ಮುಟ್ಟಲಿಲ್ಲ. ದುಭಾಷಿಗೆ ಅಂಥ ಸಂಕೋಚವೇನೂ ಇರಲಿಲ್ಲ.

ಶಾಲೆಯ ನಿಯಮದಂತೆ ಮಗುವನ್ನೇ ಕೇಳಲಾಗಿತ್ತು: ನಿನಗೆ ನಮ್ಮ ಭಾಷೆ ಬರುತ್ತದೆಯೇ? ಬರುವುದಿಲ್ಲ ಎಂದಿದ್ದಳು. ಸ್ವಂತ ಹೇಳಿಕೆಗಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು?

ಯಾವ ಭಾಷೆಯಲ್ಲಿ ಹಾಗೆಂದಳು ಎಂದು ಬಡಗಿ ಕೇಳಿಸಿದ. ನಮ್ಮ ಭಾಷೆಯಲ್ಲೇ, ಒಂದಿಷ್ಟೂ ತಪ್ಪಿಲ್ಲದೆ, ಎಂದು ಮುಖ್ಯೋಪಾಧ್ಯಾಯಿನಿ ಹೆಮ್ಮೆಯಿಂದ ಹೇಳಿದರು.

"ಮತ್ತೆ ಯಾಕೆ ಬರಲ್ಲ ಅಂದಳಂತೆ?"

ಮುಖ್ಯೋಪಾಧ್ಯಾಯಿನಿ ಬಾಯಿ ತೆರೆಯುವ ಮೊದಲೇ ದುಭಾಷಿಯ ಉತ್ತರ ಬಂದಿತ್ತು.

"ಭಾಷೆ ಅಂದ್ರೆ ಟೀಚರ್ ಬೋರ್ಡ್ ಮೇಲೆ ಬರೆಯೋದು. ಬರೋದು ಬರೀ ಮಾತು."

ಮರುಪರೀಕ್ಷೆಗೆ ಅವಕಾಶವಿಲ್ಲವೇ ಎಂದು ಬಡಗಿ ಗೋಗರೆದ. ಇದೆ, ಮುಂದಿನ ವರ್ಷ. ಪ್ರಶ್ನೆ ಮಾತ್ರ ಅದೇ. ಅಲ್ಲಿಯವರೆಗೆ ಹುಡುಗಿ ಕೆಳಗಿನ ತರಗತಿಯಲ್ಲಿರಲಿ. ಈ ತೀರ್ಪನ್ನು ದಾಟಿಸುವ ಮೊದಲು ದುಭಾಷಿಯ ಕೈಯಲ್ಲಿದ್ದ ಅರ್ಧ ಬಿಸ್ಕತ್ತು ತಟ್ಟೆಗೆ ಮರಳಿತು. ಈ ಸಲ ಒಂದು ಪದವೂ ಬಿಟ್ಟುಹೋಗಲಿಲ್ಲ. ಬಡಗಿ ತಲೆ ತಗ್ಗಿಸಿ ಒಪ್ಪಿಕೊಂಡ.

ಎರಡೂ ಕಡೆಯ ಮಾತನ್ನು ಇಷ್ಟು ಸೊಗಸಾಗಿ ಆಡುವವರನ್ನು ತಾವು ಕಂಡೇ ಇಲ್ಲವೆಂದು ಮುಖ್ಯೋಪಾಧ್ಯಾಯಿನಿ ದುಭಾಷಿಯನ್ನು ಬಾಯ್ತುಂಬ ಹೊಗಳಿ, ಕುರ್ಚಿಯಿಂದ ಎತ್ತಿ ಇಳಿಸಿ, ಕಣ್ಣೊರೆಸಿ, ಅಪ್ಪನಿಗೆ ಟಾಟಾ ಹೇಳಿಸಿ, ಭಾಷೆ ಬಾರದ ಹಸುಳೆಗಳ ತರಗತಿಗೆ ಬಿಟ್ಟುಬಂದರು.