ಏಳಡಿಯ ಹುಡುಗನ ಎಡಗಾಲು

"ಆ ವಿಡಿಯೋ ಇನ್ನೊಮ್ಮೆ ಹಾಕಿ," ಎಂದಳು ವೈಲೆಟ್, ಸಾರಿನ ಸೌಟು ಹಿಡಿದುಕೊಂಡೇ. ಗಂಡ ರುಡಾಲ್ಫನಿಗೆ ಆಶ್ಚರ್ಯ. ಅಮೆರಿಕದ ತಮ್ಮ ಮೆಚ್ಚಿನ ಬಾಸ್ಕೆಟ್‌ಬಾಲ್ ತಂಡ ಈ ವರ್ಷ ಯಾವ ಕಾಲೇಜು ಹುಡುಗನನ್ನು ಆರಿಸಬೇಕೆಂದು ಅವನೂ ಗೆಳೆಯ ಅನಿಕೇತನೂ ಕೊಲ್ಲಿ ನಾಡಿನ ಫಿಂಟಾಸ್ ಊರಿನ ಈ ಮನೆಯಲ್ಲಿ ಪ್ರತಿ ಶುಕ್ರವಾರ ಊಟದ ಹೊತ್ತಿಗೆ ಕಿತ್ತಾಡುತ್ತಿದ್ದರು. ಹೆಂಡತಿ ಒಮ್ಮೆಯೂ ಅತ್ತ ತಲೆಹಾಕಿದವಳಲ್ಲ.

"ನೋಡು ಮಾರಾಯ್ತಿ, ಏಳಡಿ ಹುಡುಗ! ಹೇಗೆ ಹಾರ್ತಾನೆ!" ಎಂದು ಅವನು ಫೋನನ್ನು ಅವಳತ್ತ ತಿರುಗಿಸಿದ.

"ಹಾರೂದು ಬಿಡ್ರಿ. ನಮ್ಮ ಟೀಮಿಗೆ ಆ ಇನ್ನೊಬ್ಬ ಗಿಡ್ಡ ಹುಡುಗನ ಬೇಕು," ಎಂದ ಗದಗಿನ ಅನಿಕೇತ.

ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ಹದಿನೇಳು ವರ್ಷದಿಂದ ನರ್ಸಾಗಿರುವ ವೈಲೆಟ್ ಚೆಂಡನ್ನು ನೋಡಲೇ ಇಲ್ಲ. ಹುಡುಗ ನೆಲಕ್ಕಿಳಿಯುವುದನ್ನಷ್ಟೇ ಮೂರು ಸಲ ನೋಡಿದಳು. "ಇವನು ಬೇಡ. ಎಡ ಮೊಣಕಾಲಿನಲ್ಲಿ ನೋವುಂಟು. ಭಾರವೆಲ್ಲ ಬಲಗಾಲಿಗೇ ಹಾಕ್ತಾನೆ. ಮತ್ತೆ ಯಾರಿಗೂ ಗೊತ್ತಾಗಬಾರದು ಅಂತ ನಗ್ತಾನೆ."

ಅನಿಕೇತ ಗೆದ್ದವನಂತೆ ಮೇಜು ಕುಟ್ಟಿದ. "ಒಂದ ವಿಡಿಯೋದಾಗ ಇಷ್ಟೆಲ್ಲ ಹೆಂಗ ತಿಳೀತ್ರಿ ಅಕ್ಕಾರ?"

"ಇವರು ಗುರುವಾರ ಗುರುವಾರ ಕ್ಲಬ್ಬಿನಲ್ಲಿ ಆಡಿ ಬಂದು ಮೆಟ್ಟಿಲು ಹತ್ತುವುದನ್ನು ಆರು ತಿಂಗಳಿಂದ ನೋಡ್ತಿದ್ದೇನಲ್ಲ."

ಮೇಜಿನಡಿಯಲ್ಲಿ ಎಡ ಮೊಣಕಾಲನ್ನು ಒತ್ತಿಕೊಳ್ಳುತ್ತಿದ್ದ ರುಡಾಲ್ಫನ ಕೈ ಅಲ್ಲೇ ನಿಂತಿತು. ಗೊತ್ತಾದರೆ ಆಟ ಬಿಡಿಸಿಯಾಳೆಂದು ಇಷ್ಟು ದಿನ ಬಚ್ಚಿಟ್ಟಿದ್ದ. "ಏನೂ ಇಲ್ಲ ಮಾರಾಯ್ತಿ," ಎಂದು ನಕ್ಕ.

"ಇದೇ, ಇದೇ ನಗು," ಎನ್ನುತ್ತ ವೈಲೆಟ್ ಅವನ ತಟ್ಟೆಗೆ ಸಾರು ಬಡಿಸಿದಳು. "ಭಾನುವಾರ ಹತ್ತಕ್ಕೆ ಡಾಕ್ಟರಲ್ಲಿ ಹೆಸರು ಬರೆಸಿದ್ದೇನೆ. ಗುಣವಾದ ಮೇಲೆ ಎಷ್ಟು ಬೇಕಾದರೂ ಹಾರಿ."